ಕಬಿನಿಯಲ್ಲಿ ಮೂರು ದಿನ, ಹನ್ನೆರಡು ರೋಲ್ ಫಿಲ್ಮ್

ಏಪ್ರಿಲ್ 15, ಗುರುವಾರ, ಮೈಸೂರು

2004ರಲ್ಲಿ ಕಬಿನಿ ಕಾಡಿಗೆ ಫೋಟೊ ತೆಗೆಯಲು ಹೋದಾಗಿನ ಮಾತು. ಆಗಿನ ನೋಟ್‌ಬುಕ್ ಮೊನ್ನೆ ಅಟ್ಟದ ಮೇಲೆ ಸಿಕ್ಕಿತು. ಯಾವ ಫ್ರೇಮ್‌ಗೆ ಯಾವ ಶಟರ್ ಸ್ಪೀಡ್ ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಅದನ್ನು ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಫ್ರಿಜ್‌ನ ಕೆಳಗಿನ ಖಾನೆಯಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರ ತುಂಬ ಫಿಲ್ಮ್. ಅವತ್ತು ಸಂಜೆ ಡಬ್ಬಿ ಹೊರಗೆ ತೆಗೆದು ಮೇಜಿನ ಮೇಲೆ ಸುರಿದುಕೊಂಡೆವು. ನಾವು ಅಂದರೆ ನಾನು ಮತ್ತು ಭಾವ, ಅಕ್ಕನ ಯಜಮಾನರು. ಅವರು ನನಗಿಂತ ಹದಿನೈದು ವರ್ಷ ಮುಂಚೆಯಿಂದ ಕಾಡಿನಲ್ಲಿ ಫೋಟೊ ತೆಗೆಯುತ್ತಿದ್ದವರು. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರೂ ಅವರೇ.

ಫ್ಯೂಜಿ ವೆಲ್ವಿಯಾ 50 ಒಂದು ರೋಲ್. ಪ್ರೊವಿಯಾ 100ಎಫ್ ನಾಲ್ಕು. ಕೊಡಕ್ ಎಕ್ಟಾಕ್ರೋಮ್ ಇ200 ಮೂರು. ಪ್ರೊವಿಯಾ 400ಎಫ್ ಮೂರು. ಇವೆಲ್ಲ ಸ್ಲೈಡ್, ತೊಳೆದ ಫಿಲ್ಮೇ ಚಿತ್ರ. ಜೊತೆಗೆ ಪ್ರಿಂಟ್ ಹಾಕಿಸುವ ನೆಗೆಟಿವ್ ಒಂದೇ ಒಂದು, ಫ್ಯೂಜಿ ಸುಪೀರಿಯಾ 800. ಒಟ್ಟು ಹನ್ನೆರಡು ರೋಲ್, 432 ಫ್ರೇಮ್. ಮೂರು ದಿನಕ್ಕೆ ಅಷ್ಟೇ. ಈಗಿನವರು ಒಂದು ನವಿಲಿಗೆ ಅಷ್ಟು ಫ್ರೇಮ್ ಹೊಡೆಯುತ್ತಾರೆ, ತಪ್ಪೇನಿಲ್ಲ. ಆದರೆ ನಮಗೆ ಪ್ರತಿ ಫ್ರೇಮ್‌ಗೂ ದುಡ್ಡು. ಅದಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದು ಇತ್ತು. ರೋಲ್ ಒಮ್ಮೆ ಒಳಗೆ ಹೋಯಿತೆಂದರೆ ಅದರ ವೇಗ, ಅಂದರೆ ಎಷ್ಟು ಕಡಿಮೆ ಬೆಳಕಲ್ಲಿ ಚಿತ್ರ ಹಿಡಿಯಬಲ್ಲದು ಅಂತ ಹೇಳುವ ಐಎಸ್‌ಒ ಸಂಖ್ಯೆ, 36 ಫ್ರೇಮ್‌ವರೆಗೂ ಅದೇ. ಬೆಳಕು ಕಡಿಮೆಯಾಯಿತು ಅಂತ ಗುಂಡಿ ತಿರುಗಿಸಿ ಐಎಸ್‌ಒ ಏರಿಸುವ ಹಾಗಿಲ್ಲ. ಮುಂದಿನ ಒಂದು ಗಂಟೆಯಲ್ಲಿ ಎಂಥ ಬೆಳಕು ಬರುತ್ತದೆ, ಯಾವ ಪ್ರಾಣಿ ಬರಬಹುದು ಅಂತ ಮೊದಲೇ ಯೋಚಿಸಿ ಫಿಲ್ಮ್ ಹಾಕಬೇಕು.

"ವೆಲ್ವಿಯಾ ಯಾಕೆ?" ಅಂದರು ಭಾವ.

"ಬಣ್ಣ ಚೆನ್ನಾಗಿ ಬರುತ್ತಲ್ಲ ಭಾವ."

"ಬರುತ್ತೆ. ಬೆಳಗ್ಗೆ ಆರೂವರೆಗೆ ಮರದ ನೆರಳಲ್ಲಿ ನಿನಗೆ ಎಷ್ಟು ಸ್ಪೀಡ್ ಸಿಗುತ್ತೆ, ಲೆಕ್ಕ ಹಾಕು."

ಲೆಕ್ಕ ಸುಲಭ. ನನ್ನದು ನಿಕಾನ್ ಎಫ್100, 300 ಎಂಎಂ ಲೆನ್ಸ್, ಅದರ ಅತಿ ದೊಡ್ಡ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಂಡಿ, ಎಫ್ 4 (ಎಫ್ ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು). ಅಷ್ಟು ಹೊತ್ತಿನಲ್ಲಿ ಕಾಡಿನ ನೆರಳಲ್ಲಿ ಐಎಸ್‌ಒ 50ಕ್ಕೆ ಸಿಗುವುದು 1/15 ಸೆಕೆಂಡ್. 100ಕ್ಕೆ 1/30. 200ಕ್ಕೆ 1/60. 400ಕ್ಕೆ 1/125. ಐಎಸ್‌ಒ ಎರಡು ಪಟ್ಟಾದರೆ ಒಂದು ಸ್ಟಾಪ್, ಶಟರ್ ಅರ್ಧ ಹೊತ್ತು ತೆರೆದರೆ ಸಾಕು. 300 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ಅಲ್ಲಾಡದ ಹಾಗೆ ತೆಗೆಯಲು 1/300ರ ಹತ್ತಿರ ಇರಬೇಕು ಅನ್ನುವುದು ಹಳೇ ಲೆಕ್ಕ. ಲೆನ್ಸ್ ಊರಲು ಬೀನ್ ಬ್ಯಾಗ್ ಇದ್ದರೆ 1/125ರಲ್ಲಿ ನಡೆಯುತ್ತದೆ, 1/60ರಲ್ಲಿ ಅದೃಷ್ಟ. ಎಫ್ 2.8ರ 300 ಎಂಎಂ ಇದ್ದಿದ್ದರೆ ಒಂದು ಸ್ಟಾಪ್ ಲೆನ್ಸ್‌ನಲ್ಲೇ ಸಿಗುತ್ತಿತ್ತು. ಅದು ನಮ್ಮ ಕೈಗೆ ಎಟುಕುವ ಲೆನ್ಸ್ ಆಗಿರಲಿಲ್ಲ. ಆ ಒಂದು ಸ್ಟಾಪನ್ನು ನಾವು ಫಿಲ್ಮ್‌ನಿಂದಲೇ ಪಡೆಯಬೇಕಿತ್ತು.

ಬೀನ್ ಬ್ಯಾಗ್ ಅಕ್ಕ ಹೊಲಿದುಕೊಟ್ಟಿದ್ದು. ಹಳೇ ಜೀನ್ಸ್ ಬಟ್ಟೆ, ಒಳಗೆ ಮೂರು ಕೆಜಿ ಹುರುಳಿಕಾಳು.

ಏಪ್ರಿಲ್ 16, ಶುಕ್ರವಾರ

ಮೈಸೂರಿನಿಂದ ಕಾರಾಪುರಕ್ಕೆ ಸುಮಾರು 75 ಕಿಲೋಮೀಟರ್. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಲ್ಲಿ ಟೀ ಕುಡಿದೆವು. ಚುನಾವಣೆ ಸಮಯ. ಮೈಕ್ ಕಟ್ಟಿದ ಆಟೋಗಳು ಸುತ್ತುತ್ತಿದ್ದವು. ಮೂರು ವರ್ಷದಿಂದ ಬರ. ಹೊಲಗಳು ಬೋಳಾಗಿದ್ದವು. ಅಂತರಸಂತೆ ದಾಟಿದ ಮೇಲೆ ರಸ್ತೆಯ ಧೂಳು ಕಾರಿನೊಳಗೇ ಬಂತು. ಫಿಲ್ಮ್ ಡಬ್ಬಿಯನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ಸೀಟಿನ ಕೆಳಗೆ, ನೆರಳಲ್ಲಿ ಇಟ್ಟಿದ್ದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಫಿಲ್ಮ್ ಬಿಟ್ಟರೆ ಬಣ್ಣ ಕೆಡುತ್ತದೆ. ವೇಗದ ಫಿಲ್ಮ್‌ಗೆ ಈ ತೊಂದರೆ ಇನ್ನೂ ಜಾಸ್ತಿ.

ಜಂಗಲ್ ಲಾಡ್ಜಸ್‌ನ ಕಬಿನಿ ರಿವರ್ ಲಾಡ್ಜ್‌ನಲ್ಲಿ ಇಳಿದುಕೊಂಡೆವು. ಊಟ ಮುಗಿಸಿ ನಾಲ್ಕು ಗಂಟೆಗೆ ಜೀಪ್ ಹತ್ತಿದೆವು.

ಬೇಸಿಗೆಯಲ್ಲಿ ಕಬಿನಿ ಯಾಕೆ ಅಂತ ಹಲವರು ಕೇಳುತ್ತಾರೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಕನಕೋಟೆಯ ಹಳೇ ಕಾಡು ಎಷ್ಟೋ ನೀರಿನಡಿ ಹೋಯಿತು. ಮಹಾರಾಜರ ಕಾಲದಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗವೂ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ಬಯಲಿನಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡೆಲ್ಲ ಒಣಗಿರುವಾಗ ಹುಲ್ಲೂ ನೀರೂ ಅಲ್ಲೇ. ನಾಗರಹೊಳೆ ಕಡೆಯಿಂದಲೂ ಬಂಡೀಪುರ ಕಡೆಯಿಂದಲೂ ಆನೆಗಳು ಇಳಿದು ಬರುತ್ತವೆ. ಆ ವರ್ಷ ನೀರು ಬಹಳ ಕೆಳಗೆ ಹೋಗಿತ್ತು. ಮೊದಲ ತಿರುವಿನಲ್ಲೇ ಇಪ್ಪತ್ತಕ್ಕೂ ಜಾಸ್ತಿ ಆನೆ ಕಂಡವು.

ಕ್ಯಾಮೆರಾದಲ್ಲಿ ಪ್ರೊವಿಯಾ 100ಎಫ್ ಇತ್ತು. ನಾಲ್ಕೂವರೆಯ ಬಿಸಿಲು, ತೆರೆದ ಬಯಲು. ಎಫ್ 5.6ಕ್ಕೆ 1/500 ಸಿಗುತ್ತಿತ್ತು. ಆನೆಯ ಚರ್ಮದ ಒಂದೊಂದು ಗೆರೆಯೂ ಬರುವ ಬೆಳಕು ಅದು. ಇಪ್ಪತ್ತೆರಡು ಫ್ರೇಮ್ ತೆಗೆದೆ.

ಐದೂಮುಕ್ಕಾಲಿಗೆ ಜೀಪ್ ಕಾಡೊಳಗೆ ತಿರುಗಿತು. ಆಗಲೇ ರೋಲ್ ಬದಲಾಯಿಸಬೇಕಿತ್ತು. ಭಾವ ಹೇಳಿದರು ಕೂಡ. ಇನ್ನೂ ಹದಿನಾಲ್ಕು ಫ್ರೇಮ್ ಉಳಿದಿದೆ, ಸುಮ್ನೆ ಯಾಕೆ ಹಾಳು ಮಾಡೋದು, ಮುಗಿದ ಮೇಲೆ ಹಾಕೋಣ ಅಂದುಕೊಂಡೆ. ನನ್ನ ಕ್ಯಾಮೆರಾದ ಮೋಟಾರ್ ರೋಲನ್ನು ಪೂರ್ತಿ ಒಳಗೆ ಸುತ್ತಿಬಿಡುತ್ತಿತ್ತು. ಅರ್ಧದಲ್ಲಿ ತೆಗೆದರೆ ಮತ್ತೆ ಹಾಕಲು ಫಿಲ್ಮ್‌ನ ತುದಿ, ಅಂದರೆ ನಾಲಿಗೆಯೇ ಹೊರಗೆ ಇರುತ್ತಿರಲಿಲ್ಲ. ಭಾವನವರ ಕ್ಯಾಮೆರಾ ಎಫ್‌ಎಂ2ನಲ್ಲಾದರೆ ಕೈಯಿಂದ ನಿಧಾನ ಸುತ್ತಬಹುದು. ಕಿವಿ ಹತ್ತಿರ ಇಟ್ಟುಕೊಂಡರೆ ನಾಲಿಗೆ ಹಲ್ಲಿನಿಂದ ಬಿಡಿಸಿಕೊಳ್ಳುವ ಸಣ್ಣ 'ಚಟ್' ಸದ್ದು ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ಎಷ್ಟನೇ ಫ್ರೇಮ್ ಅಂತ ಡಬ್ಬಿ ಮೇಲೆ ಬರೆದು, ಆಮೇಲೆ ಲೆನ್ಸ್ ಮುಚ್ಚಿ ಅಷ್ಟು ಫ್ರೇಮ್ ಖಾಲಿ ಹೊಡೆದು ಮುಂದುವರಿಸಬಹುದು.

ಆರೂಕಾಲಿಗೆ ಮುಸಿಯಗಳು ಕೂಗಲು ಶುರು ಮಾಡಿದವು. ಡ್ರೈವರ್ ಎಂಜಿನ್ ಆಫ್ ಮಾಡಿ ಮೆಲ್ಲಗೆ ಕೈ ತೋರಿಸಿದರು. "ಮತ್ತಿ ಮರ ನೋಡಿ ಸಾ, ಎರಡನೇ ಕೊಂಬೆ."

ಚಿರತೆ. ಮೊಸಳೆ ಚರ್ಮದಂತೆ ಬಿರುಕು ಬಿಟ್ಟ ಮತ್ತಿ ಮರದ ತೊಗಟೆಗೆ ಹೊಟ್ಟೆ ಒತ್ತಿಕೊಂಡು ಮಲಗಿತ್ತು. ಬಾಲ ಕೆಳಗೆ ಇಳಿಬಿದ್ದಿತ್ತು. ನಮ್ಮನ್ನೇ ನೋಡಿತು. ಇಪ್ಪತ್ತೈದು ಮೀಟರ್ ದೂರ ಇರಬಹುದು. ಕ್ಯಾಮೆರಾದ ಬೆಳಕಿನ ಮೀಟರ್ ನೋಡಿದೆ, ಎಫ್ 4ಕ್ಕೆ 1/15.

ಹದಿನಾಲ್ಕು ಫ್ರೇಮನ್ನೂ ಹೊಡೆದೆ. ಹುರುಳಿ ಚೀಲದ ಮೇಲೆ ಲೆನ್ಸ್ ಒತ್ತಿ, ಉಸಿರು ಬಿಗಿಹಿಡಿದು ಹೊಡೆದೆ. ಜೀಪಿನಲ್ಲಿ ಇನ್ನೂ ನಾಲ್ಕು ಜನ ಇದ್ದರು. ಯಾರಾದರೂ ಸ್ವಲ್ಪ ಕಾಲು ಎತ್ತಿಟ್ಟರೂ ಗಾಡಿ ಅಲ್ಲಾಡುತ್ತದೆ. 1/15ರಲ್ಲಿ ಅದು ಸಾಕು. ಒತ್ತುವಾಗಲೇ ಗೊತ್ತಾಗುತ್ತಿತ್ತು, ಇದು ಬರಲ್ಲ ಅಂತ. 400 ಇದ್ದಿದ್ದರೆ 1/60 ಸಿಗುತ್ತಿತ್ತು. ಚಿರತೆ ಕಲ್ಲಿನ ಹಾಗೆ ಕೂತಿತ್ತು, ಹದಿನಾಲ್ಕರಲ್ಲಿ ನಾಲ್ಕೈದಾದರೂ ಬರುತ್ತಿದ್ದವು.

ರಾತ್ರಿ ಊಟದ ಹೊತ್ತಿಗೆ ಭಾವ ಏನೂ ಅನ್ನಲಿಲ್ಲ. ಮಲಗುವ ಮುಂಚೆ ಮಾತ್ರ, "ನಾಳೆ ಬೆಳಗ್ಗೆ ಎರಡೂ ಕ್ಯಾಮೆರಾಗೆ ಫಾಸ್ಟ್ ಫಿಲ್ಮೇ ಹಾಕೋಣ" ಅಂದರು.

ಏಪ್ರಿಲ್ 17, ಶನಿವಾರ

ನನ್ನದಕ್ಕೆ ಪ್ರೊವಿಯಾ 400ಎಫ್. ಭಾವನವರ ಎಫ್‌ಎಂ2ಗೆ ಇ200, ಆದರೆ ಐಎಸ್‌ಒ ಡಯಲ್ ಇಟ್ಟಿದ್ದು 320ಕ್ಕೆ. ಅಂದರೆ ಬೇಕಂತಲೇ ಬೆಳಕು ಸ್ವಲ್ಪ ಕಡಿಮೆ ಕೊಟ್ಟು, ಲ್ಯಾಬ್‌ನಲ್ಲಿ ಒಂದು ಸ್ಟಾಪ್ ಪುಶ್ ಮಾಡಿಸುವುದು. ಸ್ಲೈಡ್ ತೊಳೆಯುವ ಇ-6 ಪ್ರಕ್ರಿಯೆಯಲ್ಲಿ ಮೊದಲ ಡೆವಲಪರ್ ಅನ್ನುವ ರಾಸಾಯನಿಕದಲ್ಲಿ ಫಿಲ್ಮ್ 38 ಡಿಗ್ರಿಯಲ್ಲಿ ಸುಮಾರು ಆರು ನಿಮಿಷ ಇರುತ್ತದೆ. ಪುಶ್ ಮಾಡುವಾಗ ಅಲ್ಲಿ ಒಂದೆರಡು ನಿಮಿಷ ಜಾಸ್ತಿ ಬಿಡುತ್ತಾರೆ. ಕಡಿಮೆ ಬಿದ್ದ ಬೆಳಕು ಅಲ್ಲಿ ಸರಿಯಾಗುತ್ತದೆ. ಪುಶ್‌ಗೆ ಹೇಳಿ ಮಾಡಿಸಿದ ಫಿಲ್ಮ್ ಅಂದರೆ ಇ200. ಕಾಂಟ್ರಾಸ್ಟ್ ಏರುತ್ತದೆ, ಆದರೆ ಬಣ್ಣ ಕೈಕೊಡುವುದಿಲ್ಲ. ಒಂದೇ ಷರತ್ತು, ಪುಶ್ ಅಂದರೆ ಇಡೀ ರೋಲ್‌ಗೆ ಪುಶ್. ಡಬ್ಬಿ ಮೇಲೆ ಮಾರ್ಕರ್‌ನಲ್ಲಿ 'ಪುಶ್ 1' ಅಂತ ದಪ್ಪಗೆ ಬರೆದೆ.

ಬೆಳಗ್ಗೆ 6.40. ತೇಗದ ಕಾಡು. ಬೇಸಿಗೆಯಲ್ಲಿ ತೇಗದ ಎಲೆ ಉದುರಿರುತ್ತದೆ, ಹಾಗಾಗಿ ಮಳೆಗಾಲಕ್ಕಿಂತ ಬೆಳಕು ಜಾಸ್ತಿ ಇಳಿಯುತ್ತದೆ. ರಸ್ತೆ ಪಕ್ಕದಲ್ಲೇ ಒಂಟಿ ಕಾಟಿ. ದೊಡ್ಡ ಗಂಡು, ಮೈ ಎಣ್ಣೆ ಹಚ್ಚಿದ ಹಾಗೆ ಕಪ್ಪು, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕ್ಯಾಮೆರಾದ ಮೀಟರ್‌ಗೆ ಎದುರಿಗಿರುವುದು ಕಾಟಿ ಅಂತ ಗೊತ್ತಿಲ್ಲ. ಅದು ಎಲ್ಲವನ್ನೂ ಬೂದು ಬಣ್ಣ ಅಂದುಕೊಳ್ಳುತ್ತದೆ. ಕಪ್ಪು ಮೈ ಕಂಡರೆ 'ಬೆಳಕು ಸಾಲದು' ಅಂತ ಶಟರ್ ನಿಧಾನ ಮಾಡುತ್ತದೆ. ಅದರ ಮಾತು ಕೇಳಿದರೆ ಕಾಟಿ ಬೂದಿ ಬಳಿದ ಎಮ್ಮೆಯ ಹಾಗೆ ಬರುತ್ತದೆ. ಒಂದು ಸ್ಟಾಪ್ ಕಡಿಮೆ ಕೊಟ್ಟರೆ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ಮೀಟರ್ 1/125 ಅಂದಿತು. ನಾನು 1/250 ಇಟ್ಟೆ. ಬಣ್ಣವೂ ಸರಿ, ಸ್ಪೀಡೂ ಸಿಕ್ಕಿತು. ಕಾಟಿ, ಕರಡಿ, ನೆರಳಲ್ಲಿ ನಿಂತ ಆನೆ, ಇವು ಇರುವಾಗ 400ರ ಫಿಲ್ಮ್ 800ರ ಹಾಗೆ ಕೆಲಸ ಮಾಡುತ್ತದೆ. ಬಿಳಿ ಬೆಳ್ಳಕ್ಕಿಗೆ ಇದೇ ಲೆಕ್ಕ ತಿರುಗುಮುರುಗು.

ಕಾಟಿ ತಲೆ ಎತ್ತಿ ಮೂಗಿನ ಹೊಳ್ಳೆಯೊಳಗೆ ನಾಲಿಗೆ ಹಾಕಿಕೊಂಡಿತು. ಆ ಒದ್ದೆ ಮೂಗಿನ ಮೇಲೆ ಆಕಾಶದ ಒಂದು ಚೂರು ಹೊಳೆಯಿತು. ಆರು ಫ್ರೇಮ್.

ಏಳೂವರೆ ಹೊತ್ತಿಗೆ ಜಿಂಕೆಗಳು ಕೂಗಿದವು. ನಾವು ಚಿರತೆ ಇರಬಹುದು ಅಂದುಕೊಂಡು ಕಾದೆವು. ಬಂದಿದ್ದು ಸೀಳುನಾಯಿಗಳು, ಒಂಬತ್ತು. ಒಣ ತೇಗದ ಎಲೆಗಳ ಮೇಲೆ ಓಡಿ ಬಂದರೂ ಸದ್ದೇ ಇಲ್ಲ. ಅವು ಒಂದೊಂದಾಗಿ ರಸ್ತೆಗೆ ಇಳಿದು, ಒಂದನ್ನೊಂದು ಮೂಸಿ, ಉರುಳಾಡಿ, ಮತ್ತೆ ಎದ್ದು ನಿಲ್ಲುತ್ತಿದ್ದವು. ಕೆಂಪು ಮೈ, ಕಪ್ಪು ಬಾಲ. ಸೀಳುನಾಯಿ ಒಂದು ಕ್ಷಣವೂ ಸುಮ್ಮನೆ ನಿಲ್ಲುವುದಿಲ್ಲ. ಕಿವಿ, ತಲೆ, ಬಾಲ, ಏನಾದರೊಂದು ಅಲ್ಲಾಡುತ್ತಲೇ ಇರುತ್ತದೆ. ನಡೆಯುವ ಆನೆಗೆ 1/125 ಸಾಕು. ಇವಕ್ಕೆ 1/500 ಬೇಕೇ ಬೇಕು. ಅಷ್ಟು ಹೊತ್ತಿಗೆ ಬಿಸಿಲು ಮರಗಳ ಮಧ್ಯೆ ಹಾದು ಬಂದಿತ್ತು. 400ರಲ್ಲಿ ಎಫ್ 4ಕ್ಕೆ ಸರಿಯಾಗಿ 1/500 ಸಿಕ್ಕಿತು. 100 ಹಾಕಿದ್ದರೆ 1/125.

ಮೂವತ್ತಾರನೇ ಫ್ರೇಮ್ ಮುಗಿದು ಮೋಟಾರ್ ಸುತ್ತಲು ಶುರು ಮಾಡಿತು. ಎದುರಿಗೆ ಎರಡು ನಾಯಿ ಹಿಂಗಾಲಿನ ಮೇಲೆ ನಿಂತು ಆಡುತ್ತಿವೆ. ಭಾವ ಒಂದು ಮಾತೂ ಆಡದೆ ತಮ್ಮ ಎಫ್‌ಎಂ2ನಿಂದ 80-200 ಲೆನ್ಸ್ ಬಿಚ್ಚಿ ಬಾಡಿಯನ್ನು ನನ್ನ ಕೈಗೆ ಕೊಟ್ಟರು. ಅದಕ್ಕೆ 300 ಹಾಕಿ, ಕೈಯಲ್ಲೇ ಫೋಕಸ್ ಮಾಡಿ ಹನ್ನೊಂದು ಫ್ರೇಮ್ ತೆಗೆದೆ. ಅಷ್ಟರಲ್ಲಿ ಅವರು ನನ್ನ ಕ್ಯಾಮೆರಾಗೆ ಎರಡನೇ 400 ತುಂಬಿದ್ದರು. ತಮ್ಮ ಪಾಲಿನ ಸೀಳುನಾಯಿಗಳನ್ನು ಅವರು ನನಗೆ ಬಿಟ್ಟುಕೊಟ್ಟರು. ಅದನ್ನು ನಾನು ಮರೆತಿಲ್ಲ.

ವಾಪಸ್ ಬರುವಷ್ಟರಲ್ಲಿ ಎರಡನೇ ರೋಲೂ ಮುಗಿಯಿತು.

ಮಧ್ಯಾಹ್ನ ಗೋಲ್ ಘರ್‌ನಲ್ಲಿ ಊಟ ಮಾಡುವಾಗ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬ ಕೇಳಿದ. "400 ಹಾಕಿದರೆ ಗ್ರೇನ್ ಬರಲ್ವಾ ಸಾರ್? ಅದಕ್ಕೇ ನಾನು 100 ಬಿಟ್ಟು ಬೇರೆ ಹಾಕಲ್ಲ." ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಇದ್ದ ಅಂಜಿಕೆ ಅದು.

ಭಾವ ಅವನಿಗೆ ರವೆಯ ಲೆಕ್ಕದಲ್ಲಿ ಹೇಳಿದರು. ಫಿಲ್ಮ್‌ನಲ್ಲಿ ಬೆಳಕು ಹಿಡಿಯುವುದು ಬೆಳ್ಳಿಯ ಹರಳುಗಳು. ಹರಳು ದೊಡ್ಡದಾದಷ್ಟೂ ಬೇಗ ಬೆಳಕು ಹಿಡಿಯುತ್ತದೆ, ಅಷ್ಟೇ ದಪ್ಪಗೆ ಕಾಣುತ್ತದೆ. 100 ಅಂದರೆ ಚಿರೋಟಿ ರವೆ, 400 ಅಂದರೆ ಉಪ್ಪಿಟ್ಟಿನ ರವೆ. ಆದರೆ ಆ ರವೆ ಎಲ್ಲ ಕಡೆಯೂ ಒಂದೇ ಥರ ಕಾಣುವುದಿಲ್ಲ. ನೀಲಿ ಆಕಾಶ, ನಿಂತ ನೀರು, ಮಂಜು, ಇಂಥ ನಯವಾದ ಜಾಗದಲ್ಲಿ ಎದ್ದು ಕಾಣುತ್ತದೆ. ಕೂದಲು, ಒಣ ಹುಲ್ಲು, ತೊಗಟೆ, ಆನೆಯ ಚರ್ಮ, ಇವುಗಳಲ್ಲಿ ಮುಚ್ಚಿಹೋಗುತ್ತದೆ. "ಕಾಡೊಳಗೆ ಆಕಾಶ ಎಷ್ಟು ಕಾಣುತ್ತೆ ಹೇಳು? ಗ್ರೇನ್ ಇರೋ ಚಿತ್ರವನ್ನ ಜನ ನೋಡ್ತಾರೆ. ಅಲ್ಲಾಡಿದ ಚಿತ್ರವನ್ನ ನೀನೇ ಎರಡನೇ ಸಲ ನೋಡಲ್ಲ."

ನಾನು ಹಿಂದಿನ ಸಂಜೆಯ ಚಿರತೆಯ ಬಗ್ಗೆ ಆ ಹುಡುಗನಿಗೆ ಹೇಳಿದೆ. ಅವನ ಹತ್ತಿರ 400 ಇರಲಿಲ್ಲ. ನಮ್ಮ ಡಬ್ಬಿಯಲ್ಲಿ ಉಳಿದಿದ್ದೂ ಒಂದೇ.

ಸಂಜೆ ದೋಣಿ. ದೋಣಿಯಲ್ಲಿ ಲೆಕ್ಕ ಬೇರೆ. ಮೇಲೆ ಮರವಿಲ್ಲ, ಬೆಳಕು ಧಾರಾಳ. ಆದರೆ ಹುರುಳಿ ಚೀಲ ಹೆಚ್ಚು ಸಹಾಯಕ್ಕೆ ಬರುವುದಿಲ್ಲ, ಕೆಳಗಿನ ನೀರೇ ಅಲ್ಲಾಡುತ್ತದಲ್ಲ. ನೀರು ಇಳಿದು ಎದ್ದ ನಡುಗಡ್ಡೆಗಳ ಮೇಲೆ ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಮರಳಲ್ಲಿ ಮೊಟ್ಟೆ ಇಟ್ಟಿದ್ದವು. ಹತ್ತಿರ ಹೋಗಬೇಡಿ ಅಂತ ದೋಣಿಯವರಿಗೆ ಹೇಳಿ ದೂರದಲ್ಲೇ ನಿಂತೆವು. ಹಾರುವ ರೀವಗಳಿಗೆ 100ಎಫ್ ಸಾಕಾಯಿತು. ಬಿಳಿ ಹಕ್ಕಿ, ನೀಲಿ ಆಕಾಶ, ಗ್ರೇನ್ ಇಲ್ಲದ ಫಿಲ್ಮೇ ಅಲ್ಲಿಗೆ ಸರಿ. ಬಿಸಿಲಿಗೆ ಮುಖ ಮಾಡಿದ ಹಕ್ಕಿಗೆ ಎಫ್ 5.6ಕ್ಕೆ 1/1000 ಸಿಕ್ಕಿತು.

ಐದೂವರೆಗೆ ಆನೆಗಳು ನೀರಿಗೆ ಇಳಿದವು. ಈ ಸಲ ಉಳಿದ ಫ್ರೇಮ್ ಎಣಿಸಲಿಲ್ಲ. ಒಂಬತ್ತು ಫ್ರೇಮ್ ಇದ್ದ ಹಾಗೇ 100ನ್ನು ಸುತ್ತಿ ತೆಗೆದು ಎರಡನೇ ಇ200 ಹಾಕಿ 320ಕ್ಕೆ ಇಟ್ಟೆ. ಮರಿಯೊಂದು ತಾಯಿಯ ಹೊಟ್ಟೆಯಡಿ ನುಸುಳಿ ಸೊಂಡಿಲನ್ನು ನೀರಲ್ಲಿ ಬಡಿಯುತ್ತಿತ್ತು. ಸೂರ್ಯ ಮುಳುಗುವವರೆಗೂ ತೆಗೆದೆ.

ಏಪ್ರಿಲ್ 18, ಭಾನುವಾರ

ರಾತ್ರಿ ಗುಡುಗಿ ಒಂದು ಮಳೆ ಹೊಡೆಯಿತು. ಬೆಳಗ್ಗೆ ಮೋಡ. ಮಣ್ಣಿನ ವಾಸನೆ ಎಷ್ಟು ಚೆನ್ನಾಗಿತ್ತೋ ಬೆಳಕು ಅಷ್ಟೇ ಕಡಿಮೆ.

ಕೊನೆಯ 400ಎಫ್ ಅನ್ನು 800ಕ್ಕೆ ಇಟ್ಟೆ, ಇದಕ್ಕೂ ಪುಶ್. ಎಫ್‌ಎಂ2ಗೆ ಸುಪೀರಿಯಾ 800, ಅದನ್ನು ಭಾವ 500ರ ಆಸುಪಾಸಿಗೆ ಇಟ್ಟರು. ನೆಗೆಟಿವ್‌ಗೆ ಬೆಳಕು ಸ್ವಲ್ಪ ಜಾಸ್ತಿ ಕೊಟ್ಟರೆ ಗ್ರೇನ್ ಕಡಿಮೆಯಾಗುತ್ತದೆ, ಹೆಚ್ಚಾದದ್ದನ್ನು ಪ್ರಿಂಟ್‌ನಲ್ಲಿ ಸರಿಮಾಡಬಹುದು. ಸ್ಲೈಡ್ ಹಾಗಲ್ಲ. ಅರ್ಧ ಸ್ಟಾಪ್ ಹೆಚ್ಚಾದರೂ ಬಿಳಿ ಭಾಗ ಸುಟ್ಟು ಬರೀ ಗಾಜಾಗುತ್ತದೆ. ಸ್ಪರ್ಧೆ, ಸ್ಲೈಡ್ ಶೋ ಇಲ್ಲದಿದ್ದರೆ, ಬರೀ ಪ್ರಿಂಟ್ ಸಾಕು ಅನ್ನುವವರಿಗೆ ಮೋಡದ ದಿನ ನೆಗೆಟಿವ್ವೇ ವಾಸಿ ಅಂತ ನನಗೆ ಅವತ್ತು ಅನ್ನಿಸಿತು. ಈಗಂತೂ ಬೇರೆ ದಾರಿಯೂ ಇಲ್ಲ. 400ರ ಸ್ಲೈಡ್ ಫಿಲ್ಮನ್ನು ಯಾರೂ ತಯಾರಿಸುತ್ತಿಲ್ಲ. ಎಕ್ಟಾಕ್ರೋಮ್ 2018ರಲ್ಲಿ ಮತ್ತೆ ಬಂತು, ಆದರೆ ಅದು 100. ಇವತ್ತು ಫಿಲ್ಮ್ ಹಿಡಿದು ಕಾಡಿಗೆ ಹೋಗುವವರು ಕೇಳಿದರೆ ಪೋರ್ಟ್ರಾ 400, ದುಡ್ಡು ಇದ್ದರೆ ಪೋರ್ಟ್ರಾ 800 ಅನ್ನುತ್ತೇನೆ.

ಕೆರೆಯೊಂದರ ಹತ್ತಿರ ಕಡವೆ ಕೂಗುತ್ತಿತ್ತು. ಇಪ್ಪತ್ತು ನಿಮಿಷ ಕಾದೆವು. ಒದ್ದೆ ಮಣ್ಣಿನ ಮೇಲೆ ಹುಲಿಯ ಹೆಜ್ಜೆ ಹೊಸದಾಗಿ ಮೂಡಿತ್ತು, ಹುಲಿ ಬರಲಿಲ್ಲ. ಬಾಲ ನಿಗುರಿಸಿ ನಿಂತ ಕಡವೆಯನ್ನೇ ತೆಗೆದೆ. 800ಕ್ಕೆ ಎಫ್ 4, 1/125.

ಹತ್ತು ಗಂಟೆಗೆ ಹೊರಟೆವು. ಒಂಬತ್ತು ರೋಲ್ ಖರ್ಚಾಗಿತ್ತು. ವೆಲ್ವಿಯಾ ಡಬ್ಬಿಯ ಮುಚ್ಚಳ ತೆಗೆಯದೆಯೇ ಮೈಸೂರಿನ ಫ್ರಿಜ್‌ಗೆ ವಾಪಸ್ ಹೋಯಿತು.

ಮೇ ಮೊದಲ ವಾರ

ಸ್ಲೈಡ್‌ಗಳು ಬೆಂಗಳೂರಿನ ಒಂದು ಲ್ಯಾಬ್‌ನಿಂದ ಬಂದವು. ಲೈಟ್ ಬಾಕ್ಸ್ ಮೇಲೆ ಹರಡಿ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಹಿಡಿದು ಕೂತೆ.

ದೋಣಿಯಲ್ಲಿ ತೆಗೆದ ಇ200 ರೋಲ್ ಕತ್ತಲೆ. ಡಬ್ಬಿ ಮೇಲೆ 'ಪುಶ್ 1' ಅಂತ ಬರೆದಿದ್ದರೂ ಮಾಮೂಲಿ ತೊಳೆದುಬಿಟ್ಟಿದ್ದರು. ನೀರಲ್ಲಿ ಆಡುತ್ತಿದ್ದ ಆ ಮರಿ ಮಸಿಯೊಳಗೆ ಮುಳುಗಿತ್ತು. ಬಹಳ ಸಂಕಟವಾಯಿತು. ಅಂದಿನಿಂದ ಪುಶ್ ರೋಲ್‌ಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ನಾನೇ ಕೈಯಾರೆ ಕೊಟ್ಟು, ಬಾಯಲ್ಲೂ ಹೇಳಿ ಬರುತ್ತಿದ್ದೆ.

ಚಿರತೆಯ ಹದಿನಾಲ್ಕು ಫ್ರೇಮ್‌ನಲ್ಲಿ ಒಂದೂ ನಿಲ್ಲಲಿಲ್ಲ. ಬಣ್ಣ ಸೊಗಸಾಗಿತ್ತು, ಗ್ರೇನ್ ಹುಡುಕಿದರೂ ಇಲ್ಲ. ಕಣ್ಣಿದ್ದ ಜಾಗದಲ್ಲಿ ಎರಡು ಹಳದಿ ಗೆರೆ.

ಕಾಟಿಯ ಮೂಗಿನ ಮೇಲೆ ಆಕಾಶದ ಆ ಚೂರು ಇತ್ತು.

ಆಮೇಲೆ ಸೀಳುನಾಯಿಗಳು, 400ಎಫ್. ಹಿಂದಿನ ನೆರಳಿನಲ್ಲಿ ರವೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಅಮ್ಮ ಕಾಫಿ ತಂದವರು ಲೂಪ್ ಇಸಿದುಕೊಂಡು ಬಗ್ಗಿದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ಇದರ ಎಡಗಿವಿ ಹರಿದಿದೆ ಕಣೋ," ಅಂದರು. "ಪಾಪ, ಯಾವುದರ ಜೊತೆ ಜಗಳ ಆಡಿತ್ತೋ."

ನಾನು ಮತ್ತೆ ನೋಡಿದೆ. ಕಿವಿಯ ತುದಿಯಲ್ಲಿ ಉಗುರಿನಷ್ಟು ಕಚ್ಚು, ಅದರ ಅಂಚಿನಲ್ಲಿ ನಾಲ್ಕೈದು ಬಿಳಿ ಕೂದಲು.